ಹೊಂಗೆಮರದ ಮೈಕು

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಮ್ಮ ಗೌಡಗೆರೆ ಕಡೆ ಮಕ್ಕಳಿಗೂ ಗೊತ್ತು. ನನಗೆ ಮದುವೆಯೂ ಆಯಿತು, ಗಂಡನೂ ಹೋದ. ಆಮೇಲೆ ಹಿಡಿದದ್ದಕ್ಕೆ ಆ ಗಾದೆಯಲ್ಲಿ ಮದ್ದಿಲ್ಲ.

ನನ್ನ ಗಂಡ ಪೆದ್ದಣ್ಣ ಒರಟ. ಹೊಲದ ಮನೆಯಲ್ಲಿ ನಾವಿಬ್ಬರೇ, ಮಕ್ಕಳಿಲ್ಲ. ಕಡಲೆಕಾಯಿ ಹೊಲಕ್ಕೆ ನವಿಲುಗಳ ಕಾಟ ಹೆಚ್ಚಾದಾಗ ಶಿರಾದಿಂದ ಬ್ಯಾಟರಿ ಮೈಕು ತಂದು, ತನ್ನ ಕೂಗನ್ನು ಅದರಲ್ಲಿ ತುಂಬಿಸಿ, ಹೊಂಗೆಮರದ ಎಲೆಗಳ ಮರೆಯಲ್ಲಿ ಕಟ್ಟಿದ. "ಯಾರ್ಲಾ ಅದು? ಬಂದೆ ಇರು!" ಹಗಲೆಲ್ಲ ಅದೇ ಕೂಗು. ನವಿಲುಗಳು ನಾಲ್ಕು ದಿನ ಹೆದರಿ, ಆಮೇಲೆ ಆ ಮರದ ಕೆಳಗೇ ಮೇಯತೊಡಗಿದವು. ಹೆದರಿಕೊಂಡೇ ಉಳಿದವಳು ನಾನೊಬ್ಬಳು.

ಹೋದ ವರ್ಷ ಎದೆನೋವು ಎಂದು ಮಲಗಿದವನು ಏಳಲಿಲ್ಲ. ತಿಥಿ ಮುಗಿಸಿ ನೆಂಟರು ಹೊರಟರು. ಮೈಕು ಮಾತ್ರ ಕೂಗುತ್ತಲೇ ಇತ್ತು, "ಬಂದೆ ಇರು!" ಸತ್ತವನ ದನಿ ಹಾಗೆ ಕೇಳಿಸಬಾರದು, ನಿಲ್ಲಿಸು ಎಂದು ಊರಿನವರು ಹೇಳಿದರು. ಹೇಳುವವರಪ್ಪನ ಗಂಟೇನು ಹೋಗಬೇಕು! ಅವರ ಮನೆಗಳಲ್ಲಿ ಮಾತಾಡುವವರಿದ್ದರು. ನನಗೆ ಉಳಿದದ್ದು ಆ ದನಿ ಒಂದೇ. ಅದೂ ನಿಂತರೆ ನಾನು ಬದುಕಲಾರೆ ಎನಿಸುತ್ತಿತ್ತು.

ಈ ಮುಂಗಾರಿನಲ್ಲಿ ಕೂಗು ಬದಲಾಯಿತು. ಮಧ್ಯಾಹ್ನ ಜಗುಲಿಯ ಮೇಲೆ ಮುದ್ದೆ ಮುಂದಿಟ್ಟುಕೊಂಡು, ಉಣ್ಣಲು ಮನಸ್ಸಾಗದೆ ಕೂತಿದ್ದೆ. ಆಗ ಕೇಳಿಸಿತು.

"ಉಂಡ್ಯಾ ಲೇ?"

ಅವನದೇ ಗೊಗ್ಗರು ಗಂಟಲು. ಆದರೆ ಬದುಕಿದ್ದಾಗ ಒಂದು ದಿನವೂ ಅವನು ಆ ಮಾತು ಕೇಳಿದವನಲ್ಲ. ಎತ್ತಿಗೆ ಮೇವು ಹಾಕಿದ್ಯಾ ಎನ್ನುತ್ತಿದ್ದ, ಅಷ್ಟೇ. ಒಳಗೆ ಓಡಿ ಬಾಗಿಲು ಹಾಕಿಕೊಂಡೆ. ಒಳಗೆ ಇನ್ನೂ ಜೋರಾಗಿ ಕೇಳಿಸಿತು.

ದಿನವೂ ಊಟದ ಹೊತ್ತಿಗೆ ಅದೇ ಮಾತು. ಕೇಳುತ್ತ ಕೇಳುತ್ತ ಹೆದರಿಕೆ ಹೋಗಿ ಆಸೆ ಹುಟ್ಟಿತು. "ಇಲ್ಲ, ಈಗ ಉಣ್ತೀನಿ" ಎಂದು ಉತ್ತರ ಕೊಟ್ಟು ಉಣ್ಣತೊಡಗಿದೆ. ಸತ್ತ ಮೇಲಾದರೂ ಇವನಿಗೆ ಬುದ್ಧಿ ಬಂತಲ್ಲ ಎಂದು ನಗುವೂ ಬರುತ್ತಿತ್ತು.

ಮೊನ್ನೆ ಪಕ್ಕದ ಹೊಲದ ತಿಮ್ಮರಾಜು ಬಂದ. ಕಂಕುಳಲ್ಲಿ ಒಂದು ಮೈಕು.

"ತಗಾ ಜಯಕ್ಕ, ರಿಪೇರಿ ಆತು. ವಸಿ ತಡ ಆಗೋತು."

"ಯಾವ್ದ್ಲಾ ಇದು? ನಮ್ದು ಮರದಾಗೈತಲ್ಲ."

"ಬ್ಯಾಟ್ರಿ ಹೋಗೈತೆ ಅಂತ ಬಿತ್ತನೆ ಟೈಮ್ನಾಗೆ ನೀನೇ ಬಿಚ್ಚಿಸಿ ಕೊಟ್ಯಲ್ಲಕ್ಕ. ಮರ್ತ್‌ಬುಟ್ಯಾ?"

ತಿರುಗಿ ಹೊಂಗೆಮರ ನೋಡಿದೆ, ಬರೀ ಎಲೆ. "ಮತ್ತೆ ದಿನಾ ಕೂಗ್ತಿರೋರು ಯಾರ್ಲಾ? ನಿಂಗೂ ಕೇಳ್ಸಿಲ್ವಾ?"

ಅವನು ನೆಲ ನೋಡಿದ. "ಕೇಳ್ಸೈತೆ. ನೀನೇ ಕಣಕ್ಕ. ಮುದ್ದೆ ಮುಂದಿಟ್ಕಂಡು, ಬಾಯಿಗೆ ಕೈ ಅಡ್ಡ ಇಟ್ಕಂಡು, ಅಣ್ಣನಂಗೇ ಕೂಗ್ತೀಯ. ಹೆಂಗ್ ಹೇಳೋದು ಅಂತ ಸುಮ್ಕಿದ್ದೆ."

ಅವನು ಹೋದ ಮೇಲೆ ಗುಂಡಿ ಒತ್ತಿದೆ. "ಯಾರ್ಲಾ ಅದು? ಬಂದೆ ಇರು!" ಅದೇ ಸಿಟ್ಟು, ಅದೇ ಗದರಿಕೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೇನೋ ಎಂದು ಮತ್ತೆ ಮತ್ತೆ ಒತ್ತಿ ಕಾದೆ. ಬರಲಿಲ್ಲ. ಉಂಡೆಯಾ ಎಂದು ನನ್ನನ್ನು ಕೇಳಲು ಈ ಲೋಕದಲ್ಲಿ ಇದ್ದವಳು ನಾನೊಬ್ಬಳೇ. ಅದು ತಿಳಿದು ಬಹಳ ಅತ್ತೆ.

ಮೈಕು ನಿಲ್ಲಿಸಿದೆ. ಬಾಯಿಗೆ ಸೆರಗು ತುರುಕಿಕೊಂಡು ತಟ್ಟೆಯ ಮುಂದೆ ಕೂತೆ. ಹೊಲ ಸುಮ್ಮನಿತ್ತು. ಅವನು ಸತ್ತ ದಿನವೂ ಅಷ್ಟು ಸುಮ್ಮನಿರಲಿಲ್ಲ. ಮುದ್ದೆಯ ಹಬೆ ಅಡಗಿತು, ಒಂದು ತುತ್ತೂ ಇಳಿಯಲಿಲ್ಲ.

ಕೊನೆಗೆ ಸೆರಗು ತೆಗೆದೆ.

"ಉಂಡ್ಯಾ ಲೇ?"

"ಇನ್ನೂ ಇಲ್ಲ," ಎಂದೆ. "ನೀನೂ ಬಾ, ಮುದ್ದೆ ಆರೋಗ್ತೈತೆ."