ಅತಿ ಎಚ್ಚರದ ರೈಬೋಸೋಮು

ಉಪ್ಸಾಲಾದ ಆ ಪ್ರಯೋಗಾಲಯದಲ್ಲಿ ತಪ್ಪು ಮಾಡಿದವರು ಶುಕ್ರವಾರದ ಕಾಫಿಗೆ ಕೇಕು ತರಬೇಕು. ಸಂಶೋಧನೆಗೆ ಸೇರಿದಾಗಿನಿಂದ ವೆಂಡೆಲಾ ಒಮ್ಮೆಯೂ ತಂದಿರಲಿಲ್ಲ. ಮುಚ್ಚಿದ ಮುಚ್ಚಳವನ್ನೂ ಮತ್ತೆ ತಿರುಗಿಸಿ ನೋಡುವವಳು ಅವಳು.

"ನಿನ್ನ ಕೈಯ ಕೇಕು ತಿನ್ನೋದು ನನ್ನ ಹಣೇಲಿ ಬರೆದಿಲ್ಲ ಬಿಡು ತಾಯಿ," ಎಂದು ಪಕ್ಕದ ಮೇಜಿನ ಟೋರ್ಕೆಲ್ ಕಾಲೆಳೆಯುತ್ತಿದ್ದ.

ಅವಳು ಹಗಲಿಡೀ ಕನವರಿಸುತ್ತಿದ್ದ ರೈಬೋಸೋಮೂ ಅಂಥದ್ದೇ. ಜೀವಕೋಶದೊಳಗೆ ಕೂತು, ಬಂದ ಸಂದೇಶವನ್ನು ಮೂರು ಮೂರು ಅಕ್ಷರವಾಗಿ ಓದುತ್ತಾ, ಮಣಿ ಪೋಣಿಸಿದಂತೆ ಪ್ರೋಟೀನು ಕಟ್ಟುತ್ತದೆ. ಮಣಿ ಹೊತ್ತು ತರುವ ಅಣುವೆಂಬ ಆಳನ್ನು ಹೊಸಿಲಲ್ಲಿ ಒಮ್ಮೆ ತಡೆದು ನೋಡುತ್ತದೆ. ಒಳಗೆ ಕಾಲಿಟ್ಟ ಮೇಲೆ ಮತ್ತೊಮ್ಮೆ. ಅಕ್ಷರ ಹೊಂದದಿದ್ದರೆ ಆಚೆಗೆ. ವೆಂಡೆಲಾ ಸಾಕಿದ ಬ್ಯಾಕ್ಟೀರಿಯಾಗಳ ರೈಬೋಸೋಮು ಇನ್ನೂ ಬಿಗಿ: ಸರಿಯಾದವನನ್ನೂ ಅನುಮಾನಿಸಿ ಹಿಂದಕ್ಕೆ ಕಳಿಸುತ್ತಿತ್ತು.

ಅವಳ ಪ್ರಬಂಧಕ್ಕೆ ಬಾಕಿಯಿದ್ದದ್ದು ಆ ಬ್ಯಾಕ್ಟೀರಿಯಾಗಳು ಬೆಳೆಯುವ ವೇಗದ ಅಳತೆ. ಅದು ಸಿಗದಿದ್ದರೆ, ಪ್ರಬಂಧವನ್ನು ಅಲ್ಲಿನ ವಾಡಿಕೆಯಂತೆ ವಿಶ್ವವಿದ್ಯಾಲಯದಲ್ಲಿ ಎಲ್ಲರೆದುರು ಮೊಳೆ ಹೊಡೆದು ತೂಗುಹಾಕುವ ದಿನ ಮೇ ತಿಂಗಳಿಂದ ಚಳಿಗಾಲಕ್ಕೆ ಜಾರುತ್ತಿತ್ತು.

ಅಳತೆ ಶುದ್ಧವಾಗಿರಲೆಂದು, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಿಗೆ ಸದಾ ಬೆರೆಸುತ್ತಿದ್ದ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಈ ಸಲ ಬಿಟ್ಟಳು. ಅದು ರೈಬೋಸೋಮಿನಿಂದ ತಪ್ಪು ಮಾಡಿಸುವ ಔಷಧ. ಇಷ್ಟು ನಿಖರವಾದ ತಳಿಯನ್ನು ಅಳೆಯುವಾಗ ಅದೇಕೆ? ಬೆಳಗ್ಗೆ ನೋಡಿದರೆ ತಟ್ಟೆಗಳೆಲ್ಲ ಬೋಳು. ಮತ್ತೆ ಬಿತ್ತಿದಳು, ಮತ್ತೆ ಬೋಳು. ತನ್ನ ತಳಿಯೇ ಸತ್ತಿತೆಂದುಕೊಂಡು ತಟ್ಟೆಗಳನ್ನು ಎದೆಗವಚಿಕೊಂಡು ಮಾರ್ಗದರ್ಶಕಿ ರಾಗ್ನ್‌ಹಿಲ್ಡ್ ಬಳಿ ಹೋದಳು.

ರಾಗ್ನ್‌ಹಿಲ್ಡ್ ಒಂದು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಔಷಧ ಹಾಕಿದ್ಯಾ?"

"ಇಲ್ಲ. ಅದು ವಿಷ. ಇವು ಹೇಗೋ ತಡ್ಕೊಳ್ತವೆ, ಅಷ್ಟೇ ತಾನೆ?"

"ತಡ್ಕೊಳ್ಳೋ ತಳಿ ಬೇರೆ ಕಣೇ. ಇವಕ್ಕೆ ಅದಿಲ್ದೆ ಬದುಕೇ ಇಲ್ಲ. ಬಂದವರನ್ನೆಲ್ಲ ಬಾಗಿಲಲ್ಲೇ ವಿಚಾರಿಸ್ತಾ ನಿಂತ್ರೆ ಪ್ರೋಟೀನು ಮುಗಿಯೋದ್ಯಾವಾಗ? ಔಷಧ ಇವುಗಳ ಬಿಗಿ ಸಡಿಲ ಮಾಡತ್ತೆ. ಒಂದಿಷ್ಟು ತಪ್ಪು ನುಸುಳತ್ತೆ, ನಿಜ. ಆದ್ರೆ ಬದುಕ್ತವೆ."

ವೆಂಡೆಲಾ ಬೋಳು ತಟ್ಟೆಗಳನ್ನೆಲ್ಲ ಎಸೆದಳು. ಆಮೇಲೆ ಹೆಪ್ಪುಗಟ್ಟಿಸಿಟ್ಟಿದ್ದ ಮೂಲ ತಳಿಯ ಸೀಸೆಯಿಂದ ಹೊಸದಾಗಿ ಬಿತ್ತಿ, ತಟ್ಟೆತಟ್ಟೆಗೂ ಔಷಧದ ಪ್ರಮಾಣ ಹೆಚ್ಚಿಸುತ್ತಾ ಹೋದಳು. ತೀರಾ ಕಡಿಮೆಯಿದ್ದಲ್ಲಿ ಏನೂ ಏಳಲಿಲ್ಲ. ಮುಂದಿನವುಗಳಲ್ಲಿ ಕೆನೆಬಣ್ಣದ ಚುಕ್ಕಿಗಳು ನಿಧಾನಕ್ಕೆ ಮೂಡಿದವು. ಬೇಕಿದ್ದ ಅಳತೆ ಅಲ್ಲೇ ಇತ್ತು. ಮೊಳೆಯ ದಿನ ಮೇ ತಿಂಗಳಲ್ಲೇ ಉಳಿಯಿತು.

ಶುಕ್ರವಾರ ಅವಳು ಕೇಕು ತಂದಳು. ನಡುವೆ ಬಾವಿಯಂತೆ ಕುಸಿದಿತ್ತು.

"ಬೆಂದಿದ್ಯಾ ಅಂತ ಎಷ್ಟು ಸಲ ಓವನ್ ಬಾಗಿಲು ತೆಗೆದು ಗಾಳಿ ಬಿಟ್ಟೆ, ಹೀಗೆ ಕುಸಿಯೋಕೆ?" ಎಂದ ಟೋರ್ಕೆಲ್.

ವೆಂಡೆಲಾ ಕುಸಿದ ನಡುಭಾಗವನ್ನೇ ಕತ್ತರಿಸಿ ಅವನ ತಟ್ಟೆಗಿಟ್ಟಳು.