ತಳ ಸೇರಿದ ನಟ್ಟು

ಡ್ರೈವರ್ ಮನೆಯಲ್ಲಿ ಮೀನು ಬೇಯುತ್ತಿರಲಿಲ್ಲ. ಹೆಂಡತಿ ಕೇಳಿ ಕೇಳಿ ಸಾಕಾಗಿ ಸುಮ್ಮನಾಗಿದ್ದಳು. ‘ಹೊತ್ತು ತರೋನಿಗೆ ಗೊತ್ತು ಅದರ ಬಣ್ಣ’ ಅನ್ನುತ್ತಿದ್ದ ಅವನು, ಅಷ್ಟೇ.

ಬಂದರಿನಲ್ಲಿ ತುಂಬುವಾಗ ಮೀನಿನ ಪೆಟ್ಟಿಗೆಗಳು ಮಂಜುಗಟ್ಟಿ ಕಲ್ಲಿನಂತೆಯೇ ಇರುತ್ತಿದ್ದವು. ಆದರೆ ಹೊರಗೆ ಹೋಗುವ ಗೇಟಿನಲ್ಲಿ ಲಾರಿಗಳ ಸಾಲು ಹನುಮಂತನ ಬಾಲ. ನಿಂತಷ್ಟು ಹೊತ್ತೂ ತಂಪಿನ ಯಂತ್ರ ಡೀಸೆಲ್ ಕುಡಿಯುತ್ತದೆ. ‘ನಿಂತ ಗಾಡಿಗೆ ಯಾಕೆ ಕುಡಿಸ್ತೀಯ? ಆರಿಸು. ಉಳಿದಿದ್ದನ್ನ ಕ್ಯಾನಿಗೆ ಇಳಿಸಿಕೊಂಡು ಬಾ’ ಎಂದು ಲಾರಿ ಧಣಿಯ ಅಪ್ಪಣೆ. ಊರು ಹತ್ತಿರವಾದಾಗ ಮತ್ತೆ ಹಚ್ಚಿದರಾಯಿತು, ಮೇಲೆ ಮೇಲೆ ಗಟ್ಟಿಯಾಗುತ್ತದೆ. ಒಳಗಿನ ಸಂಗತಿ ನೊಣಗಳಿಗೆ ಗೊತ್ತು.

ಇದಕ್ಕೊಂದು ಕಾವಲೂ ಇತ್ತು. ಸರಕು ತುಂಬುವವರು ಲೋಟದಲ್ಲಿ ನೀರು ಮಂಜುಗಟ್ಟಿಸಿ, ಮೇಲೊಂದು ಕಬ್ಬಿಣದ ನಟ್ಟು ಇಟ್ಟು, ಪೆಟ್ಟಿಗೆಗಳ ಪಕ್ಕ ಇಡುತ್ತಿದ್ದರು. ದಾರಿಯಲ್ಲಿ ಕರಗಿದರೆ ನಟ್ಟು ತಳ ಸೇರುತ್ತದೆ. ಮತ್ತೆಷ್ಟು ತಂಪು ಹಾಯಿಸಿದರೂ ಮೇಲೆ ಬಾರದು. ಹಾಗಾಗಿ ಡ್ರೈವರ್ ಸೀಟಿನ ಕೆಳಗೆ ಐಸ್ ಡಬ್ಬಿಯಲ್ಲಿ ಇನ್ನೊಂದು ಲೋಟ ಇಟ್ಟುಕೊಂಡಿರುತ್ತಿದ್ದ. ಇಳಿಸುವ ಮುಂಚೆ ಅದನ್ನು ಒಳಗಿಟ್ಟು, ಮುಳುಗಿದ್ದನ್ನು ಚರಂಡಿಗೆ ಎಸೆಯುವುದು. ಕೈಗೆ ಅದು ಅಭ್ಯಾಸವಾಗಿಹೋಗಿತ್ತು.

ಅವತ್ತು ಗೋದಾಮಿನ ಮುಂದೆ ಲಾರಿ ನಿಲ್ಲಿಸಿದಾಗ ಸರಕು ಪರೀಕ್ಷಿಸುವ ಮೇಸ್ತ್ರಿ ನಗುತ್ತಾ ಬಂದ.

‘ಏನು ತಾತ, ಮೊಮ್ಮಗಳು ಹುಟ್ಟಿದಳಂತೆ. ನಿನ್ನ ಮೂಗು ತಂದಿಲ್ಲ ತಾನೆ?’

‘ಇಲ್ಲ, ಬಚಾವಾದಳು.’

‘ಬೇಗ ಇಳಿಸು ಮತ್ತೆ. ಇದೆಲ್ಲ ಇವತ್ತೇ ದೊಡ್ಡಾಸ್ಪತ್ರೆ ಅಡುಗೆಮನೆಗೆ ಹೋಗಬೇಕು. ಬಾಣಂತಿಯರಿಗೆ ಮೀನಿನ ಸಾರು ಕೊಡ್ತಾರೆ.’

ಡ್ರೈವರ್ ಮಗಳು ಮಲಗಿದ್ದದ್ದು ಅಲ್ಲೇ. ‘ಊಟ ಚೆನ್ನಾಗಿ ಕೊಡ್ತಾರಪ್ಪ, ತಟ್ಟೆ ನೆಕ್ಕಿಬಿಟ್ಟೆ’ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು.

ಅವನು ಬಾಗಿಲು ತೆರೆದ. ಹಳಸಿದ ನಾತ ಮುಖಕ್ಕೆ ಒದ್ದೆ ಬಟ್ಟೆಯಂತೆ ಬಡಿಯಿತು. ನೆಲದ ಮೇಲೆ ಕಂದು ಲೋಳೆ ಹರಿದು ಗಟ್ಟಿಯಾಗಿತ್ತು. ಇಷ್ಟು ವರ್ಷ ಉಸಿರು ಬಿಗಿಹಿಡಿದು ಒಳಗೆ ಹೋಗುತ್ತಿದ್ದವನು ಅವತ್ತು ಹಿಡಿಯಲಿಲ್ಲ. ಐಸ್ ಡಬ್ಬಿಯನ್ನು ಮುಟ್ಟದೆ, ನಟ್ಟು ತಳ ಕಂಡಿದ್ದ ಲೋಟವನ್ನೇ ತಂದು ಮೇಸ್ತ್ರಿಯ ಕೈಗಿಟ್ಟ.

‘ಇದು ಕೆಟ್ಟಿದೆ. ವಾಪಸ್ ಮಾಡು.’

ಮೇಸ್ತ್ರಿ ಲೋಟವನ್ನು ತಿರುಗಿಸಿ ನೋಡಿದ. ಬೇಸರ ಕೂಡ ಪಡಲಿಲ್ಲ.

‘ಬದಲಿ ತರೋದು ಮರೆತೆಯಾ? ಅದಕ್ಕೆ ಇಷ್ಟು ರಂಪಾನಾ?’

ಗೋಡೆ ಪಕ್ಕದ ಫ್ರೀಜರಿನ ಮುಚ್ಚಳ ಎತ್ತಿದ. ಒಳಗೆ ಸಾಲು ಸಾಲು ಲೋಟ, ಒಂದೊಂದರ ತಲೆ ಮೇಲೂ ಒಂದೊಂದು ನಟ್ಟು. ಒಂದನ್ನು ತೆಗೆದು ಪೆಟ್ಟಿಗೆಗಳ ಪಕ್ಕ ಇಟ್ಟ.

‘ನೋಡು, ಸರಿಹೋಯ್ತು. ನಿನ್ನಂಥ ಮರೆಗುಳಿಗಳು ಸುಮಾರು ಜನ ಇದಾರೆ.’

ಬೇಲಿ ಹೊಲ ಮೇಯುವುದನ್ನು ಡ್ರೈವರ್ ಕೇಳಿದ್ದ. ಈ ಬೇಲಿಗೆ ತಾನೂ ಒಂದು ಗೂಟ ಎಂಬುದು ಅವತ್ತು ಕಂಡಿತು. ಅಂಗೈ ನೋಡಿಕೊಂಡ, ಲೋಳೆ ಅಂಟಿತ್ತು. ಪ್ಯಾಂಟಿಗೆ ಒರೆಸಿದರೂ ಹೋಗಲಿಲ್ಲ.

ಲಾರಿಯ ಮುಂಭಾಗಕ್ಕೆ ಹೋಗಿ ಉಳಿಸಿದ ಡೀಸೆಲಿನ ಕ್ಯಾನ್ ಎತ್ತಿಕೊಂಡು ಬಂದ. ಪೆಟ್ಟಿಗೆಗಳ ಮುಚ್ಚಳ ಕಿತ್ತು, ಗಿಡಕ್ಕೆ ನೀರು ಹಾಕಿದಷ್ಟೇ ಸಮಾಧಾನವಾಗಿ ಮೀನಿನ ಮೇಲೆ ಸುರಿಯುತ್ತಾ ಬಂದ. ಒಂದನ್ನೂ ಬಿಡಲಿಲ್ಲ.

‘ಹುಚ್ಚು ಹಿಡಿದಿದೆಯೇನಯ್ಯಾ? ಧಣಿ ನಿನ್ನನ್ನ ಉಳಿಸ್ತಾನಾ?’ ಎಂದ ಮೇಸ್ತ್ರಿ, ಕರ್ಚೀಫು ಮೂಗಿಗೆ ಒತ್ತಿಕೊಂಡು.

ಡ್ರೈವರ್ ಖಾಲಿ ಕ್ಯಾನ್ ಕೆಳಗಿಟ್ಟ.

‘ಅಂತೂ ನಿನಗೂ ಮೂಗಿದೆ’ ಎಂದ.