ಅಳಿಯನ ಕೋಣೆ

ಅಂಗಳದಲ್ಲಿ ಬೂಟಿನ ಸಪ್ಪಳ ಕೇಳಿದ್ದೇ ಜುಬೈದಾ ಜೋಗುಳ ನಿಲ್ಲಿಸಿ ತಲೆಯ ಮೇಲೆ ಬಟ್ಟೆ ಎಳೆದುಕೊಂಡಳು. ಪೊಲೀಸ್ ದೇಜಪ್ಪ ಜಗಲಿ ದಾಟಿ, ನಡುಮನೆ ದಾಟಿ, ನೇರ ಬಾಣಂತಿಯ ಕೋಣೆಯ ಪರದೆ ಸರಿಸಿ ಇಣುಕಿದ.

"ಇದ್ರೀಸ್ ಇಲ್ವಾ?"

"ಮಂಚದ ಅಡಿ ಸಹ ನೋಡಿ ಮಾರಾಯ್ರೆ," ಎಂದಳು ಜುಬೈದಾಳ ತಾಯಿ ರುಕಿಯಮ್ಮ. ಬೀಡಿ ಕಟ್ಟುವ ಮೊರ ಮಡಿಲಲ್ಲಿತ್ತು, ಅವಳು ಏಳಲಿಲ್ಲ.

"ನನಗೂ ನಾಚಿಕೆ ಆಗ್ತದೆ ಅಮ್ಮ. ಮೇಲಿನವರು ಹೇಳಿದ್ದು."

ಬೀಡಿ ಮುಷ್ಕರದ ವರ್ಷ ಜುಬೈದಾಳ ಗಂಡ ಇದ್ರೀಸನನ್ನು ಹಿಡಿದ ಪೊಲೀಸರು ಕೇಸು ಹಾಕದೆ ಬಿಟ್ಟಿದ್ದರು, ನಿಗಾ ಮಾತ್ರ ಬಿಟ್ಟಿರಲಿಲ್ಲ. ಠಾಣೆಯಲ್ಲಿ ವಿಳಾಸ ಕೇಳಿದಾಗ ಆ ಮಹರಾಯ ಶಿರ್ವದ ತನ್ನ ಮನೆ ಬಿಟ್ಟು, ಕಾಪುವಿನ ಹೆಂಡತಿ ಮನೆಯದನ್ನು ಕೊಟ್ಟಿದ್ದ. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದಿರುವುದು, ಅವನಿಗೆಂದು ಒಂದು ಕೋಣೆಗೆ ಸುಣ್ಣ ಬಳಿದಿಡುವುದು ಆ ಬ್ಯಾರಿ ಕುಟುಂಬದ ರೂಢಿ. ಹೊಸ ಅಳಿಯನ ಜಂಬದಲ್ಲಿ ಹೇಳಿಬಿಟ್ಟ. ಅಂದಿನಿಂದ ಸರಕಾರವೂ ಅಳಿಯನಂತೆ ಹೇಳದೆ ಕೇಳದೆ ಒಳಗೆ ಬರತೊಡಗಿತು.

ಹೆರಿಗೆಯಾದ ವಾರವೇ ರುಕಿಯಮ್ಮ ಅಳಿಯನಿಗೆ ಹೇಳಿದ್ದಳು: "ನೀನು ಶಿರ್ವದಲ್ಲೇ ಇರು ಮಗಾ. ನೀನಿಲ್ಲದಿದ್ದರೆ ಅವರು ಬರುವುದು ಬಿಟ್ಟಾರು." ಅವರು ಬಿಡಲಿಲ್ಲ. ಇದ್ರೀಸ್ ಮಾತ್ರ ಆಮೇಲೆ ತನ್ನ ಮಗುವನ್ನು ನೋಡಿದ್ದು ಚುಚ್ಚುಮದ್ದಿನ ದಿನವೇ, ಆಸ್ಪತ್ರೆಯ ಜಗಲಿಯಲ್ಲಿ. ಮನೆಗೆ ಬಂದ ಜುಬೈದಾ ಅಂದು ಊಟ ಮಾಡಲಿಲ್ಲ. ಅಳಿಯನನ್ನು ತಾನೇ ಹೊರಗೆ ಹಾಕಿದೆನಲ್ಲಾ ಎಂದು ರುಕಿಯಮ್ಮ ತನ್ನನ್ನೇ ಬೈದುಕೊಂಡಳು. ಮರುದಿನ ಉಡುಪಿಯ ಬಸ್ಸು ಹತ್ತಿ ವಕೀಲೆ ಗುಣವತಿಯವರ ಎದುರು ಕೂತಳು.

"ರಸ್ತೆಯಲ್ಲಿ ನಿಂತು ನೋಡಿದರೆ ಅದು ಬೇರೆ ಮಾತು," ಎಂದರು ಗುಣವತಿ. "ವಾರೆಂಟ್ ಇಲ್ಲದೆ ಹೀಗೆ ಹೊಸ್ತಿಲು ದಾಟಲಿಕ್ಕೆ ಅವರಿಗೆ ಅಧಿಕಾರ ಇಲ್ಲ."

"ಬೀಡಿ ಕಟ್ಟುವವರ ಮನೆಗೂ ಉಂಟಾ ಅಂಥ ಕಾನೂನು?"

"ನಿಮ್ಮ ಮನೆಗೆ ಹೊಸ್ತಿಲು ಉಂಟಲ್ವಾ?"

ಅರ್ಜಿ ಬೆಂಗಳೂರಿಗೆ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹೈಕೋರ್ಟಿನ ಆದೇಶ ಬಂತು: ಪೊಲೀಸರು ಇನ್ನು ಹಾಗೆ ಒಳನುಗ್ಗುವಂತಿಲ್ಲ. ರುಕಿಯಮ್ಮ ಆ ಕೋಣೆಗೆ ಮತ್ತೊಮ್ಮೆ ಸುಣ್ಣ ಬಳಿದು ಅಳಿಯನಿಗೆ ಹೇಳಿಕಳಿಸಿದಳು.

ಇದ್ರೀಸ್ ಬಂದ ಮರುದಿನ ಬೆಳಿಗ್ಗೆ ಅದೇ ಬೂಟಿನ ಸಪ್ಪಳ. ಜುಬೈದಾಳ ಕೈ ತಲೆಬಟ್ಟೆಗೆ ಹೋಯಿತು. ಆದೇಶ ಕೋರ್ಟಿನದ್ದು, ಬೂಟು ದೇಜಪ್ಪನದ್ದು. ಸಪ್ಪಳ ಜಗಲಿಯ ಕೆಳಗೆ ನಿಂತಿತು. ಒಂದು ಕೆಮ್ಮು ಕೇಳಿಸಿತು.

"ಅಮ್ಮಾ, ಇದ್ರೀಸ್ ಇದ್ದಾರಾ?"

ರುಕಿಯಮ್ಮ ಎದ್ದು ಬಾಗಿಲಿಗೆ ಬಂದಳು. "ಇದ್ದಾನೆ. ಒಳಗೆ ಬಂದು ನೋಡ್ಬೇಕಾದರೆ ವಾರೆಂಟ್ ತನ್ನಿ. ಚಾ ಬೇಕಾದರೆ ಇಲ್ಲೇ ಕೂತುಕೊಳ್ಳಿ."

ದೇಜಪ್ಪ ಟೋಪಿ ತೆಗೆದು ಜಗಲಿಯ ಬೆಂಚಿನ ತುದಿಯಲ್ಲಿ ಕೂತು, "ಸಕ್ಕರೆ ಕಡಿಮೆ ಹಾಕಿ," ಎಂದ.

ಚಾಕ್ಕೆ ನೀರಿಡಲು ರುಕಿಯಮ್ಮ ಒಳಗೆ ಹೋದಳು. ಪರದೆಯ ಹಿಂದೆ ಇದ್ರೀಸ್ ತನ್ನ ಒಡಕು ದನಿಯಲ್ಲಿ ಮಗುವಿಗೆ ಜೋಗುಳ ಹಾಡುತ್ತಿದ್ದ. ಜಗಲಿಯವರೆಗೂ ಕೇಳುತ್ತಿತ್ತು. ಅವನು ನಿಲ್ಲಿಸಲಿಲ್ಲ.